ಹ್ಯೂಗೋ ಗರ್ನ್ಸ್‌ಬ್ಯಾಕ್: ಬಾನುಲಿಯ ಬೆರಗನ್ನು ನಗೆಯಾಗಿ ಅಚ್ಚಿಸಿದವನು

ವೈಜ್ಞಾನಿಕ ಕಥೆ, ಕಾದಂಬರಿಗಳನ್ನು ಓದುವವರಿಗೆ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬ ಹೆಸರು ಅಪರಿಚಿತವೇನಲ್ಲ. ಆ ಪ್ರಕಾರದ ಉತ್ತಮ ಕೃತಿಗಳಿಗೆ ನೀಡುವ, 1953ರಲ್ಲಿ ಆರಂಭವಾದ ಹ್ಯೂಗೋ ಪ್ರಶಸ್ತಿ ಆತನ ಹೆಸರನ್ನೇ ಹೊತ್ತಿದೆ. 1926ರ ಏಪ್ರಿಲ್‌ನಲ್ಲಿ ಆತ ಹೊರತಂದ 'ಅಮೇಜಿಂಗ್ ಸ್ಟೋರೀಸ್' ವೈಜ್ಞಾನಿಕ ಕಥೆಗಳಿಗೆಂದೇ ಮೀಸಲಾದ ಇಂಗ್ಲಿಷಿನ ಮೊದಲ ಮಾಸಪತ್ರಿಕೆ. ಆದರೆ ಈ ಒಂದು ಕೀರ್ತಿಯ ನೆರಳಿನಲ್ಲಿ ಆತನ ಇನ್ನೊಂದು ಕಸುಬು ಮರೆಯಾಗಿಬಿಟ್ಟಿದೆ. ಗರ್ನ್ಸ್‌ಬ್ಯಾಕ್ ಮೂಲತಃ ರೇಡಿಯೋ ಸಾಮಾನಿನ ವ್ಯಾಪಾರಿ. ಜೊತೆಗೆ, ರೇಡಿಯೋವನ್ನು ಕುರಿತ ವಿನೋದವನ್ನು ಕಾಗದದ ಮೇಲೆ ಅಚ್ಚು ಹಾಕಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜನರಿಗೆ ಒದಗಿಸಿದವನು. ರೇಡಿಯೋ ಹೊಸದಾಗಿದ್ದಾಗ ಅದರ ಭವಿಷ್ಯವನ್ನು ಕುರಿತು ನಕ್ಕ ಆತ, ಅದು ಹಳೆಯದಾದ ಮೇಲೆ ಅದರ ಬಾಲ್ಯವನ್ನು ನೆನೆದು ನಕ್ಕ. ಆ ನಗೆಯ ಹಿಂದೆ ನಂಬಿಕೆಯ ಪ್ರಶ್ನೆಯೊಂದು ಜೀವಮಾನವಿಡೀ ಆತನನ್ನು ಬೆನ್ನಟ್ಟಿತ್ತು. ಈತ ಹೇಳುವುದರಲ್ಲಿ ನಿಜವೆಷ್ಟು, ತಮಾಷೆಯೆಷ್ಟು ಎಂದು ಪೊಲೀಸರೂ ಕೇಳಿದರು, ಓದುಗರೂ ಕೇಳಿದರು, ಕೊನೆಗೆ ಸಾಲ ಕೊಟ್ಟವರೂ ಕೇಳಿದರು.

ಗರ್ನ್ಸ್‌ಬ್ಯಾಕ್ ಹುಟ್ಟಿದ್ದು 1884ರ ಆಗಸ್ಟ್ 16ರಂದು, ಯುರೋಪಿನ ಪುಟ್ಟ ದೇಶವಾದ ಲಕ್ಸೆಂಬರ್ಗ್‌ನಲ್ಲಿ. ಮೂಲ ಹೆಸರು ಗರ್ನ್ಸ್‌ಬಾಕರ್. ತಂದೆ ದ್ರಾಕ್ಷಾರಸದ ಸಗಟು ವ್ಯಾಪಾರಿ, ಮನೆಯಲ್ಲಿ ಅನುಕೂಲವಿತ್ತು. ತಂದೆಯ ಬಳಿ ದುಡಿಯುತ್ತಿದ್ದ ಆಳೊಬ್ಬ ಬಾಲಕನಿಗೆ ಒಂದು ವಿದ್ಯುತ್ ಗಂಟೆ, ಬ್ಯಾಟರಿ ಮತ್ತು ಒಂದಿಷ್ಟು ತಂತಿ ಕೊಟ್ಟು, ಅವನ್ನು ಜೋಡಿಸುವುದು ಹೇಗೆಂದು ತೋರಿಸಿಕೊಟ್ಟ. ಅಲ್ಲಿಂದ ಹುಡುಗನಿಗೆ ಹಿಡಿದ ವಿದ್ಯುತ್ತಿನ ಗೀಳು ಬಿಡಲೇ ಇಲ್ಲ. ಹದಿಮೂರರ ವಯಸ್ಸಿನಲ್ಲಿ ಊರಿನ ಕಾರ್ಮೆಲೈಟ್ ಸಂನ್ಯಾಸಿನಿಯರ ಮಠಕ್ಕೆ ಕರೆಗಂಟೆಗಳನ್ನು ಅಳವಡಿಸಿದ್ದಾಗಿಯೂ, ಗಂಡು ಹುಡುಗನೊಬ್ಬ ಒಳಗೆ ಕಾಲಿಡಲು ಪೋಪ್ ಹದಿಮೂರನೆಯ ಲಿಯೋ ಅವರಿಂದಲೇ ವಿಶೇಷ ಅನುಮತಿ ತರಿಸಬೇಕಾಯಿತೆಂದೂ ಆತ ಮುಂದೆ ಹೇಳಿಕೊಳ್ಳುತ್ತಿದ್ದ. ಗರ್ನ್ಸ್‌ಬ್ಯಾಕ್‌ನ ಬಾಲ್ಯದ ಕಥೆಗಳಲ್ಲಿ ಹೆಚ್ಚಿನವಕ್ಕೆ ಸ್ವತಃ ಆತನೇ ಸಾಕ್ಷಿ ಎಂಬುದನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು.

ಜರ್ಮನಿಯ ಬಿಂಗೆನ್ ಪಟ್ಟಣದ ತಾಂತ್ರಿಕ ಶಾಲೆಯಲ್ಲಿ ಓದಿ, ತಾನೇ ರೂಪಿಸಿದ ಹೊಸ ಬಗೆಯ ಬ್ಯಾಟರಿಯೊಂದನ್ನು ನಂಬಿಕೊಂಡು 1904ರಲ್ಲಿ ಆತ ಅಮೆರಿಕಕ್ಕೆ ಹಡಗು ಹತ್ತಿದ. ಬ್ಯಾಟರಿಯ ವ್ಯಾಪಾರ ಕೈಹಿಡಿಯಲಿಲ್ಲ. ನ್ಯೂಯಾರ್ಕ್‌ನಲ್ಲಿ ಗೆಳೆಯನಾದ ಲೂಯಿಸ್ ಕಾಗ್ಸ್‌ಹಾಲ್ ಎಂಬ ರೈಲ್ವೆ ಟೆಲಿಗ್ರಾಫ್ ನೌಕರನ ಜೊತೆ ಸೇರಿ 'ಎಲೆಕ್ಟ್ರೋ ಇಂಪೋರ್ಟಿಂಗ್ ಕಂಪನಿ' ಆರಂಭಿಸಿದ. ಆ ಕಾಲದ ಅಮೆರಿಕದಲ್ಲಿ ವಿದ್ಯುತ್ ಪ್ರಯೋಗಕ್ಕೆ ಬೇಕಾದ ಬಿಡಿಭಾಗಗಳು ಚಿಲ್ಲರೆಯಾಗಿ ಸಿಗುತ್ತಿರಲಿಲ್ಲ. ಯುರೋಪಿನಿಂದ ಅವನ್ನು ತರಿಸಿ, ಅಂಚೆಯ ಮೂಲಕ ಮಾರುವುದು ಇವರ ಉದ್ಯಮ. ಅದಕ್ಕೆಂದು ಅಚ್ಚು ಹಾಕಿಸಿದ ಬೆಲೆಪಟ್ಟಿಯ ಪುಸ್ತಿಕೆಗಳೇ ಗರ್ನ್ಸ್‌ಬ್ಯಾಕ್‌ನ ಮೊದಲ ಪ್ರಕಟಣೆಗಳು. ಸಾಮಾನಿನ ಬೆಲೆಯ ಜೊತೆಗೆ ಅದನ್ನು ಬಳಸುವ ಬಗೆಯನ್ನೂ ಅವುಗಳಲ್ಲಿ ಆತ ಬರೆಯತೊಡಗಿದ. ಬರೆಯುತ್ತ ಬರೆಯುತ್ತ, ಸಾಮಾನಿಗಿಂತ ಬರವಣಿಗೆಯೇ ಚೆನ್ನಾಗಿ ಬಿಕರಿಯಾಗುತ್ತದೆಂಬುದು ಆತನಿಗೆ ತಿಳಿಯಿತು.

ಈ ಅಂಗಡಿಯ ಹೆಸರುವಾಸಿ ಸರಕು 'ಟೆಲಿಮ್ಕೋ'. ಕಂಪನಿಯ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನೇ ಹೆಕ್ಕಿ ಕಟ್ಟಿದ ಪದ ಅದು. ಕಿಡಿ ಹಾರಿಸುವ ಸುರುಳಿ, ಬ್ಯಾಟರಿಗಳು, ಅಲೆ ಬಂದೊಡನೆ ಸ್ಪಂದಿಸುವ ಲೋಹಚೂರ್ಣದ ನಳಿಕೆ, ಒಂದು ಗಂಟೆ ಇವಿಷ್ಟೇ ಅದರ ಒಡಲು. ಇತ್ತ ಗುಂಡಿ ಒತ್ತಿದರೆ ಅತ್ತ ತಂತಿಯ ಸಂಪರ್ಕವಿಲ್ಲದೆ ಗಂಟೆ ಬಾರಿಸುತ್ತಿತ್ತು. 1905ರ ಕೊನೆ ಮತ್ತು 1906ರ ಆರಂಭದಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಇದರ ಜಾಹೀರಾತುಗಳು ಬಂದವು. ಬೆಲೆ 10 ಡಾಲರಿಗಿಂತ ಕಡಿಮೆ. ಮಾರ್ಕೋನಿಯ ಕಂಪನಿ ಸಾವಿರಾರು ಡಾಲರ್ ವೆಚ್ಚದಲ್ಲಿ ಮಾಡುತ್ತಿದ್ದ ಪವಾಡವನ್ನು ಈ ಹುಡುಗರು ಚಿಲ್ಲರೆ ಕಾಸಿಗೆ ಮಾರುತ್ತಾರೆಂದರೆ ಇದರಲ್ಲಿ ಮೋಸವಿರಲೇಬೇಕೆಂದು ಯಾರೋ ದೂರಿತ್ತರು. ವಿಚಾರಣೆಗೆ ಪೊಲೀಸಿನವನೊಬ್ಬ ಅಂಗಡಿಗೆ ಬಂದ. ಗರ್ನ್ಸ್‌ಬ್ಯಾಕ್ ಯಂತ್ರವನ್ನು ಓಡಿಸಿ ತೋರಿಸಿದ, ಗಂಟೆಯೂ ಬಾರಿಸಿತು. ಪೊಲೀಸಿನವನಿಗೆ ಸಮಾಧಾನವಾಗಲಿಲ್ಲ. ತಂತಿರಹಿತ ಎಂದು ಹೇಳಿಕೊಳ್ಳುವ ಯಂತ್ರದಲ್ಲಿ ಇಷ್ಟೊಂದು ತಂತಿಗಳೇಕೆ ಎಂಬುದು ಆತನ ಕೊನೆಯ ತಕರಾರು.

ಈ ಪ್ರಸಂಗವನ್ನು ಗರ್ನ್ಸ್‌ಬ್ಯಾಕ್ ಮುಪ್ಪಿನವರೆಗೂ ಹೇಳುತ್ತ ಬಂದ. ಹೇಳಿದಂತೆಲ್ಲ ಅದಕ್ಕೆ ಹೊಳಪು ಬಂದಿದ್ದರೂ ಬಂದಿರಬಹುದು. ರೇಡಿಯೋ ಮನೆಮನೆಗೂ ಬಂದು ಕುಳಿತ ಮೇಲೆ ಆ ಪೊಲೀಸಿನವನ ಮುಗ್ಧ ಅನುಮಾನವೇ ಒಂದು ಸೊಗಸಾದ ನಗೆಹನಿಯಾಯಿತು. ಅರ್ಥವಾಗದ ಹೊಸ ವಸ್ತುವೊಂದು ಅರ್ಥವಾದ ಬಳಿಕ, ಅರ್ಥವಾಗದಿದ್ದ ದಿನಗಳನ್ನು ನೆನೆದು ನಗುವುದರಲ್ಲಿ ಒಂದು ಸುಖವಿದೆ. ಗರ್ನ್ಸ್‌ಬ್ಯಾಕ್ ಮುಂದೆ ತನ್ನ ಪತ್ರಿಕೆಗಳಲ್ಲಿ ಬೆಳೆಸಿದ್ದು ಈ ಸುಖವನ್ನೇ. ಹಳೆಯ ಟೆಲಿಮ್ಕೋ ಯಂತ್ರಗಳು ಅಷ್ಟರಲ್ಲಿ ಸಿಗದಂತಾಗಿದ್ದರಿಂದ, ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯಕ್ಕಾಗಿ 1957ರಲ್ಲಿ ಅದರ ಪ್ರತಿಕೃತಿಯನ್ನು ಹೊಸದಾಗಿ ಮಾಡಿಸಬೇಕಾಯಿತು.

1908ರ ಏಪ್ರಿಲ್‌ನಲ್ಲಿ ಆತನ ಮೊದಲ ಮಾಸಪತ್ರಿಕೆ 'ಮಾಡರ್ನ್ ಎಲೆಕ್ಟ್ರಿಕ್ಸ್' ಹೊರಬಂದಿತು. 1911ರಲ್ಲಿ ಪುಟ ತುಂಬಿಸುವ ಅಗತ್ಯ ಬಿದ್ದಾಗ ಆತ ತಾನೇ ಒಂದು ಧಾರಾವಾಹಿ ಬರೆಯತೊಡಗಿದ. ಕ್ರಿಸ್ತಶಕ 2660ರಲ್ಲಿ ನಡೆಯುವ ಆ ಕಥೆಯ ನಾಯಕ ರಾಲ್ಫ್. ಹೆಸರಿನ ಮುಂದೆ 124ಸಿ 41+ ಎಂಬ ಸಂಖ್ಯೆ. ಇದನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಉಚ್ಚರಿಸಿದರೆ, ಒಬ್ಬರಿಗಾಗಿ ಮುಂದಾಲೋಚಿಸಬಲ್ಲವನು ಎಂಬ ಅರ್ಥ ಕೇಳಿಬರುತ್ತದೆ. ಅಲೆಗಳನ್ನು ಕಳುಹಿಸಿ, ಅವು ವಸ್ತುವಿಗೆ ಬಡಿದು ಹಿಂತಿರುಗುವುದರಿಂದ ದೂರವನ್ನು ಅಳೆಯುವ ಉಪಾಯ ಆ ಧಾರಾವಾಹಿಯಲ್ಲಿದೆ. ಮುಂದೆ ರೆಡಾರ್ ಎನಿಸಿಕೊಂಡ ತಂತ್ರ ಇದೇ. ಕಾದಂಬರಿಯಾಗಿ ಅದನ್ನು ಇಂದು ಓದಿ ಮುಗಿಸುವುದು ತ್ರಾಸದ ಕೆಲಸ. ಆದರೆ ಗಂಭೀರವಾದ ಊಹೆಯ ತಲೆಗೆ ಶ್ಲೇಷೆಯ ಟೊಪ್ಪಿಗೆ ತೊಡಿಸುವ ಆತನ ಅಭ್ಯಾಸ ಇಲ್ಲಿಂದಲೇ ಮೊದಲಾಯಿತು.

ಆ ಅಭ್ಯಾಸ ಫಲ ಕೊಟ್ಟದ್ದು ಎರಡನೆಯ ಪತ್ರಿಕೆಯಾದ 'ಎಲೆಕ್ಟ್ರಿಕಲ್ ಎಕ್ಸ್‌ಪೆರಿಮೆಂಟರ್'ನಲ್ಲಿ. 1913ರಲ್ಲಿ ಆರಂಭವಾದ ಈ ಪತ್ರಿಕೆಯಲ್ಲಿ 1915ರ ಮೇ ತಿಂಗಳಿಂದ 1917ರ ಫೆಬ್ರವರಿಯವರೆಗೆ, 13 ಕಂತುಗಳಲ್ಲಿ, ಮಂಚೌಸೆನ್ ಸರದಾರನ ಹೊಸ ವೈಜ್ಞಾನಿಕ ಸಾಹಸಗಳು ಪ್ರಕಟವಾದವು. ಮಂಚೌಸೆನ್ ಹದಿನೆಂಟನೆಯ ಶತಮಾನದ ಜರ್ಮನ್ ಬಡಾಯಿಗಾರ. ಸುಳ್ಳಿನ ಸಾಹಸಗಳಿಗೆ ಯುರೋಪಿನಲ್ಲೆಲ್ಲ ಗಾದೆಯಾದವನು. ಗರ್ನ್ಸ್‌ಬ್ಯಾಕ್ ಆತನನ್ನು ಸಾಯಗೊಡದೆ ಇಪ್ಪತ್ತನೆಯ ಶತಮಾನಕ್ಕೆ ಎಬ್ಬಿಸಿ ತಂದು, ಪ್ರಾಧ್ಯಾಪಕನೊಬ್ಬನ ಜೊತೆ ಮಾಡಿ ಚಂದ್ರನಿಗೂ ಮಂಗಳಕ್ಕೂ ಅಟ್ಟಿದ. ಅಲ್ಲಿಂದ ಆತನ ದನಿ ರೇಡಿಯೋ ಅಲೆಗಳ ಮೇಲೆ ತೇಲಿಬಂದು ಮ್ಯಾಸಚೂಸೆಟ್ಸ್‌ನ ಹವ್ಯಾಸಿಯೊಬ್ಬನ ಕಿವಿಗೆ ಬೀಳುತ್ತದೆ. ಕೇಳಿದ್ದನ್ನು ಆ ಹವ್ಯಾಸಿ ನಮಗೆ ಒಪ್ಪಿಸುತ್ತಾನೆ. ಆತನ ಹೆಸರು ಐ.ಎಂ. ಏಲಿಯರ್. ಬೇಗ ಬೇಗ ಉಚ್ಚರಿಸಿದರೆ, ತಾನೊಬ್ಬ ಸುಳ್ಳುಗಾರನೆಂದು ಆತ ಇಂಗ್ಲಿಷಿನಲ್ಲಿ ಒಪ್ಪಿಕೊಂಡಂತಾಗುತ್ತದೆ.

ಇಲ್ಲಿ ಕಾಲವನ್ನು ಗಮನಿಸಬೇಕು. ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಕೆಡಿಕೆಎ ಕೇಂದ್ರದ ಪ್ರಸಾರ ಆರಂಭವಾದದ್ದು 1920ರ ನವೆಂಬರ್‌ನಲ್ಲಿ. ಅದಕ್ಕೆ ಐದು ವರ್ಷ ಮೊದಲೇ, ಬಹುಪಾಲು ಹವ್ಯಾಸಿಗಳು ಟಿಕ್ ಟಿಕ್ ಎನ್ನುವ ಮೋರ್ಸ್ ಸಂಕೇತಗಳನ್ನು ಮಾತ್ರ ಕೇಳುತ್ತಿದ್ದ ದಿನಗಳಲ್ಲಿ, ರಾತ್ರಿ ಕಿವಿಗೆ ಶ್ರವಣಯಂತ್ರ ಸಿಕ್ಕಿಸಿಕೊಂಡು ದೂರದ ಕಥೆಗಾರನ ದನಿಗಾಗಿ ಕಾಯುವ ಕೇಳುಗನನ್ನು ಗರ್ನ್ಸ್‌ಬ್ಯಾಕ್ ಕಲ್ಪಿಸಿದ. ಕಂತಿನ ಕೊನೆಯಲ್ಲಿ ಕಥೆ ನಿಲ್ಲುವುದು, ಮುಂದಿನದಕ್ಕಾಗಿ ಕೇಳುಗ ಹಂಬಲಿಸುವುದು ಇವೆಲ್ಲ ಮುಂದೆ ರೇಡಿಯೋ ಧಾರಾವಾಹಿಗಳ ಜೀವಾಳವೇ ಆದವು. ಹೇಳುವವನು ಸುಳ್ಳುಗಾರ, ಕೇಳಿ ವರದಿ ಮಾಡುವವನೂ ಸುಳ್ಳುಗಾರ. ನಡುವೆ ಬರುವ ಮಂಗಳ ಗ್ರಹದ ವಿವರಗಳು ಮಾತ್ರ ಆ ಕಾಲದ ವಿಜ್ಞಾನ ತಿಳಿದಂತೆ ಅಚ್ಚುಕಟ್ಟು. ಬಾಲಕನಾಗಿದ್ದಾಗ ಪರ್ಸಿವಲ್ ಲೊವೆಲ್‌ನ ಮಂಗಳದ ಪುಸ್ತಕ ಓದಿ ಜ್ವರ ಬರಿಸಿಕೊಂಡಿದ್ದ ಗರ್ನ್ಸ್‌ಬ್ಯಾಕ್ ಆ ಋಣವನ್ನು ಹೀಗೆ ತೀರಿಸಿದ. ಆತನ ಎಲ್ಲ ಕಥೆಗಳಲ್ಲಿ ಇಂದಿಗೂ ಓದಿಸಿಕೊಳ್ಳುವುದು ಇದೊಂದೇ ಎಂಬುದು ಈ ಲೇಖಕನ ಅಭಿಪ್ರಾಯ.

1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿದೊಡನೆ ಹವ್ಯಾಸಿ ರೇಡಿಯೋ ನಿಷೇಧಕ್ಕೊಳಗಾಯಿತು. ನಿಷೇಧ ಸಡಿಲವಾಗುತ್ತಿದ್ದಂತೆ, 1919ರ ಜುಲೈನಲ್ಲಿ, ಗರ್ನ್ಸ್‌ಬ್ಯಾಕ್ 'ರೇಡಿಯೋ ಅಮೆಚೂರ್ ನ್ಯೂಸ್' ಹೊರತಂದ. ಮರುವರ್ಷ ಅದು 'ರೇಡಿಯೋ ನ್ಯೂಸ್' ಆಯಿತು. ಅಮೆರಿಕದಲ್ಲಿ ರೇಡಿಯೋದ ಹುಚ್ಚುಹೊಳೆ ಹರಿದ ದಶಕ ಅದು. ಹುಡುಗರು, ಹಿರಿಯರು, ಗೃಹಿಣಿಯರು, ಪಾದ್ರಿಗಳು ಎಲ್ಲರೂ ಹರಳು ಮತ್ತು ಸುರುಳಿಗಳ ಮುಂದೆ ಕುಳಿತುಬಿಟ್ಟರು. ಪತ್ರಿಕೆಯ ಪುಟಗಳಲ್ಲಿ ಮಂಡಲಚಿತ್ರಗಳ ನಡುವೆ ವ್ಯಂಗ್ಯಚಿತ್ರಗಳು, ರೇಡಿಯೋ ಗೀಳಿನ ಗಂಡಂದಿರ ಪ್ರಹಸನಗಳು, ಚುಟುಕುಗಳು ತುಂಬಿಕೊಂಡವು.

ಇವುಗಳಲ್ಲಿ ಬಲು ಸೊಗಸಾದದ್ದು 'ರೇಡಿಯೋಟಿಕ್ಸ್' ಎಂಬ ಅಂಕಣ. ದಿನಪತ್ರಿಕೆಗಳೆಲ್ಲ ಆಗ ರೇಡಿಯೋ ಕುರಿತು ಬರೆಯಲೇಬೇಕಾಗಿತ್ತು. ಬರೆಯುವವರಿಗಾಗಲಿ ಮೊಳೆ ಜೋಡಿಸುವವರಿಗಾಗಲಿ ಹೊಸ ಪಾರಿಭಾಷಿಕ ಪದಗಳ ತಲೆಬುಡ ತಿಳಿದಿರಲಿಲ್ಲ. ಪರಿಣಾಮವಾಗಿ ಮುದ್ರಾರಾಕ್ಷಸನಿಗೆ ಹಬ್ಬ. ಒಂದು ಅಕ್ಷರ ಅತ್ತಿತ್ತ ಸರಿದು ಧ್ವನಿವರ್ಧಕ ಇನ್ನೇನೋ ಆಗುತ್ತಿತ್ತು, ಆಂಟೆನಾಕ್ಕೆ ಜೀವ ಬರುತ್ತಿತ್ತು. ಇಂತಹ ಅಚ್ಚಿನ ತಪ್ಪುಗಳನ್ನು ಕತ್ತರಿಸಿ ಕಳುಹಿಸುವಂತೆ ಗರ್ನ್ಸ್‌ಬ್ಯಾಕ್‌ನ ಪತ್ರಿಕೆ ಓದುಗರನ್ನು ಆಹ್ವಾನಿಸಿತು. ನಿಯಮ ಕಟ್ಟುನಿಟ್ಟು. ಮೂಲ ತುಣುಕನ್ನೇ ಕಳುಹಿಸಬೇಕು. ಯಾವ ಪತ್ರಿಕೆ, ಯಾವ ದಿನಾಂಕ, ಯಾವ ಪುಟ ಎಂದು ನಮೂದಿಸಬೇಕು. ಜೊತೆಗೆ ಎರಡು ಮೂರು ಸಾಲಿನ ಹಾಸ್ಯದ ಒಗ್ಗರಣೆ ಇರಬೇಕು. ಪ್ರಕಟವಾದ ಪ್ರತಿಯೊಂದಕ್ಕೂ ಒಂದು ಡಾಲರ್ ಸಂಭಾವನೆ.

ಸುಳ್ಳು ಹೇಳಿ ನಗಿಸುವುದರಲ್ಲಿ ಪಳಗಿದ ಸಂಪಾದಕ ಇಲ್ಲಿ ಪುರಾವೆ ಕೇಳಿದನೆಂಬುದು ವಿಶೇಷ. ಕಟ್ಟಿದ ತಮಾಷೆ ಬೇಡ, ನಿಜವಾಗಿ ಅಚ್ಚಾದ ತಪ್ಪೇ ಬೇಕು. ಆದ್ದರಿಂದಲೇ ಆ ಅಂಕಣ ಇಂದು ನಗೆಯ ಜೊತೆಗೆ ಚರಿತ್ರೆಯೂ ಆಗಿದೆ. ಇಡೀ ಸಮಾಜವೊಂದು ಹೊಸ ಯಂತ್ರದ ಭಾಷೆಯನ್ನು ತೊದಲುತ್ತ ಕಲಿತ ಬಗೆ ಅದರಲ್ಲಿ ಅಚ್ಚೊತ್ತಿ ಕುಳಿತಿದೆ.

ಹಾಸ್ಯದ ವ್ಯಾಪಾರ ಅಲ್ಲಿಗೇ ನಿಲ್ಲಲಿಲ್ಲ. 1927ರಲ್ಲಿ ಫ್ರೆಂಚ್ ನಗೆಚಿತ್ರಗಳನ್ನೂ ಚುಟುಕುಗಳನ್ನೂ ಇಂಗ್ಲಿಷಿಗೆ ತಂದು 'ಫ್ರೆಂಚ್ ಹ್ಯೂಮರ್' ಎಂಬ ವಾರಪತ್ರಿಕೆಯನ್ನೇ ಆತ ಹೊರಡಿಸಿದ. ಅದು ಬಹುಕಾಲ ಬಾಳಲಿಲ್ಲ.

ಉದ್ದೇಶಪಟ್ಟು ನಗಿಸಿದ್ದಕ್ಕಿಂತ ಗಂಭೀರವಾಗಿ ಮಾಡಿದ ಕೆಲವು ಸಂಗತಿಗಳೇ ಹೆಚ್ಚು ನಗೆ ತರಿಸಿದ್ದೂ ಉಂಟು. 1925ರಲ್ಲಿ ಆತ 'ಐಸೊಲೇಟರ್' ಎಂಬ ಶಿರಸ್ತ್ರಾಣವೊಂದನ್ನು ತನ್ನ 'ಸೈನ್ಸ್ ಅಂಡ್ ಇನ್ವೆನ್ಷನ್' ಪತ್ರಿಕೆಯಲ್ಲಿ ಪರಿಚಯಿಸಿದ. ಬರೆಯಲು ಕುಳಿತವನ ಏಕಾಗ್ರತೆಗೆ ಭಂಗ ಬಾರದಿರಲೆಂದು ತಲೆಯನ್ನಿಡೀ ಮುಚ್ಚುವ ಗೋಪುರದಂತಹ ವಸ್ತು ಅದು. ಕಣ್ಣಿಗೆ ಎರಡು ಕಿರುಗಿಂಡಿ, ಉಸಿರಾಟಕ್ಕೆ ಆಮ್ಲಜನಕದ ಕೊಳವೆ. ಅದನ್ನು ತೊಟ್ಟು ಮೇಜಿನ ಮುಂದೆ ಕುಳಿತ ಛಾಯಾಚಿತ್ರ ನೂರು ವರ್ಷಗಳ ಬಳಿಕವೂ ಅಂತರ್ಜಾಲದಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ. ಆತ ತಮಾಷೆಗೆ ಮಾಡಿದನೋ ನಿಜಕ್ಕೂ ಮಾಡಿದನೋ ಎಂದು ನೋಡಿದವರೆಲ್ಲ ಕೇಳುತ್ತಾರೆ. ಲೇಖನದ ಧಾಟಿಯನ್ನು ನೋಡಿದರೆ ನಿಜಕ್ಕೇ ಮಾಡಿದಂತಿದೆ.

ಅದೇ 1925ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ರೂಸ್‌ವೆಲ್ಟ್ ಹೋಟೆಲಿನಿಂದ ಆತನ ಸ್ವಂತ ರೇಡಿಯೋ ಕೇಂದ್ರ ಡಬ್ಲ್ಯೂಆರ್‌ಎನ್‌ವೈ ಪ್ರಸಾರ ಆರಂಭಿಸಿತು. ಮೂರು ವರ್ಷಗಳ ನಂತರ, 1928ರ ಆಗಸ್ಟ್‌ನಲ್ಲಿ, ಅದೇ ಕೇಂದ್ರದಿಂದ ದೂರದರ್ಶನದ ಚಿತ್ರಗಳನ್ನೂ ಕಳುಹಿಸಲಾಯಿತು. ಚಿತ್ರದ ಗಾತ್ರ ಸುಮಾರು ಒಂದೂವರೆ ಅಂಗುಲ, ಗೆರೆಗಳು 48. ದನಿಗೂ ಚಿತ್ರಕ್ಕೂ ಇದ್ದದ್ದು ಒಂದೇ ಅಲೆಯ ಹಾದಿ. ಆದ್ದರಿಂದ ಕಲಾವಿದನ ಮುಖ ಮೊದಲು ಕಾಣಿಸಿ ಮರೆಯಾದ ಮೇಲೆ ಆತನ ಹಾಡು ಕೇಳಿಬರುತ್ತಿತ್ತು. ಅಂಚೆಚೀಟಿಯಷ್ಟು ಅಗಲದ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿ, ಆಮೇಲೆ ಕಿವಿ ನಿಮಿರಿಸಿ ಕೇಳುವ ಈ ಕಸರತ್ತಿಗೆ ನ್ಯೂಯಾರ್ಕಿನ ಹವ್ಯಾಸಿಗಳು ಮನೆಯಲ್ಲೇ ಯಂತ್ರ ಕಟ್ಟಿಕೊಂಡರು. ಕಟ್ಟುವ ವಿಧಾನ ಎಲ್ಲಿತ್ತೆಂದರೆ ಗರ್ನ್ಸ್‌ಬ್ಯಾಕ್‌ನ ಪತ್ರಿಕೆಗಳಲ್ಲಿ!

ಇಷ್ಟೆಲ್ಲ ನಡೆಯುತ್ತಿದ್ದಾಗ ಲೆಕ್ಕದ ಪುಸ್ತಕದಲ್ಲಿ ಬೇರೆಯದೇ ಕಥೆ ಬರೆಯಲ್ಪಡುತ್ತಿತ್ತು. 1929ರ ಫೆಬ್ರವರಿಯಲ್ಲಿ ಸಾಲಗಾರರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆತನ ಎಕ್ಸ್‌ಪೆರಿಮೆಂಟರ್ ಪ್ರಕಾಶನ ಸಂಸ್ಥೆ ದಿವಾಳಿಯೆಂದು ಘೋಷಿತವಾಯಿತು. 'ರೇಡಿಯೋ ನ್ಯೂಸ್', 'ಅಮೇಜಿಂಗ್ ಸ್ಟೋರೀಸ್', ರೇಡಿಯೋ ಕೇಂದ್ರ ಎಲ್ಲವೂ ಪರರ ಪಾಲಾದವು. ವಾಲ್ ಸ್ಟ್ರೀಟ್ ಕುಸಿದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಹೀಗಾಗಿ ಈ ದಿವಾಳಿಗೆ ಆ ಮಹಾಕುಸಿತವನ್ನು ಹೊಣೆ ಮಾಡುವಂತಿಲ್ಲ. ಅಣ್ಣತಮ್ಮಂದಿರಿಬ್ಬರೂ ಸಂಸ್ಥೆಯಿಂದ ದೊಡ್ಡ ಸಂಬಳ ಪಡೆಯುತ್ತಿದ್ದರು. ರೇಡಿಯೋ ಕೇಂದ್ರ ಹಣ ನುಂಗುತ್ತಿತ್ತು. ಕಾಗದದವರ, ಮುದ್ರಕರ ಬಾಕಿ ಬೆಳೆಯುತ್ತಿತ್ತು.

ಬಾಕಿಯ ಬಿಸಿ ಎಲ್ಲರಿಗಿಂತ ಹೆಚ್ಚು ತಟ್ಟಿದ್ದು ಬಡ ಬರಹಗಾರರಿಗೆ. ಎಚ್.ಪಿ. ಲವ್‌ಕ್ರಾಫ್ಟ್ ಬರೆದ 'ದಿ ಕಲರ್ ಔಟ್ ಆಫ್ ಸ್ಪೇಸ್' ಎಂಬ ಕಥೆ 1927ರಲ್ಲಿ 'ಅಮೇಜಿಂಗ್ ಸ್ಟೋರೀಸ್'ನಲ್ಲಿ ಪ್ರಕಟವಾಯಿತು. ಇಂದು ಶ್ರೇಷ್ಠವೆನಿಸಿಕೊಂಡಿರುವ ಆ ಕಥೆಗೆ ಸಂದ ಸಂಭಾವನೆ 25 ಡಾಲರ್. ಅದೂ ಮತ್ತೆ ಮತ್ತೆ ಪತ್ರ ಬರೆದು ಕೇಳಿದ ಮೇಲೆ. ರೋಸಿಹೋದ ಲವ್‌ಕ್ರಾಫ್ಟ್ ತನ್ನ ಪತ್ರಗಳಲ್ಲಿ ಗರ್ನ್ಸ್‌ಬ್ಯಾಕ್‌ಗೆ ಇಲಿಯ ಬಿರುದು ದಯಪಾಲಿಸಿದ. ಮುಂದೆ ಹೊಸ ಪತ್ರಿಕೆಯ ಕಾಲದಲ್ಲೂ ಚಾಳಿ ಬಿಡಲಿಲ್ಲ. ಡೊನಾಲ್ಡ್ ವೊಲ್‌ಹೈಮ್ ಎಂಬ ಯುವಕ ತನ್ನ ಮೊದಲ ಕಥೆಗೆ ಬರಬೇಕಿದ್ದ 10 ಡಾಲರಿಗಾಗಿ ತನ್ನಂತೆಯೇ ವಂಚಿತರಾದ ಇತರರನ್ನು ಕೂಡಿಸಿಕೊಂಡು ವಕೀಲರನ್ನು ಹಿಡಿಯಬೇಕಾಯಿತು. ಎಲ್ಲರಿಗೂ ಸೇರಿ 75 ಡಾಲರಿಗೆ ವ್ಯಾಜ್ಯ ಮುಗಿಯಿತು. ವೃತ್ತಪತ್ರಿಕೆಯ ತುಣುಕೊಂದಕ್ಕೆ ಒಂದು ಡಾಲರ್ ಎಂದು ಡಂಗುರ ಸಾರಿದ ಸಂಪಾದಕ, ಬೆವರು ಸುರಿಸಿ ಕಥೆ ಬರೆದವನಿಗೆ ಹತ್ತು ಡಾಲರ್ ಕೊಡಲು ಹಿಂದೆ ಮುಂದೆ ನೋಡಿದ. ಅಭಿಮಾನಿಗಳು ಈ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳುವುದುಂಟು. ಅದು ಅಡಿಟಿಪ್ಪಣಿಯ ವಿಷಯವಲ್ಲ. ಓದುಗನಿಗೆ ಕೊಟ್ಟ ಮಾತನ್ನು ಗರ್ನ್ಸ್‌ಬ್ಯಾಕ್ ಬಹುಮಟ್ಟಿಗೆ ಉಳಿಸಿಕೊಂಡ. ಬರಹಗಾರನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ.

ದಿವಾಳಿಯಾದವನು ಮೂಲೆ ಸೇರಲಿಲ್ಲ. ಕೆಲವೇ ತಿಂಗಳುಗಳಲ್ಲಿ, 1929ರ ಜುಲೈ ಸಂಚಿಕೆಯೊಂದಿಗೆ, 'ರೇಡಿಯೋ ಕ್ರಾಫ್ಟ್' ಎಂಬ ಹೊಸ ಮಾಸಪತ್ರಿಕೆ ಅಂಗಡಿಗಳಿಗೆ ಬಂದಿತು. ರೇಡಿಯೋ ರಿಪೇರಿಯ ಕಸುಬಿನವರನ್ನು ಗುರಿಯಾಗಿಟ್ಟುಕೊಂಡ ಈ ಪತ್ರಿಕೆ 1948ರಲ್ಲಿ 'ರೇಡಿಯೋ ಎಲೆಕ್ಟ್ರಾನಿಕ್ಸ್' ಎಂದು ಹೆಸರು ಬದಲಿಸಿಕೊಂಡು ಆತನ ಕೊನೆಗಾಲದವರೆಗೂ ಅನ್ನ ಹಾಕಿತು. ಹಾಸ್ಯಕ್ಕೆ ಇಲ್ಲೂ ಜಾಗ ಮೀಸಲು. 1930ರ ದಶಕದ ಕೊನೆಯಲ್ಲಿ ಬರುತ್ತಿದ್ದ 'ವಿಟ್ಟಿಕ್ವಿಜ್' ಎಂಬ ಅಂಕಣದಲ್ಲಿ ಓದುಗರು ರೇಡಿಯೋದ ಪಾರಿಭಾಷಿಕ ಪದವೊಂದನ್ನು ಹಿಡಿದು, ಅದಕ್ಕೆ ಸರಿಯಾದ ಒಂದು ಅರ್ಥವನ್ನೂ ತಲೆಕೆಟ್ಟ ಕೆಲವು ಅರ್ಥಗಳನ್ನೂ ಹೊಸೆದು ಕಳುಹಿಸುತ್ತಿದ್ದರು. ಮೈಸೂರಿನ ಆಕಾಶವಾಣಿಯ ಆರಂಭದ ದಿನಗಳೊಡನೆ ನಂಟಿದ್ದ ನಮ್ಮ ನಾ. ಕಸ್ತೂರಿಯವರ 'ಅನರ್ಥಕೋಶ'ವನ್ನು ಬಲ್ಲ ಕನ್ನಡಿಗರಿಗೆ ಈ ಆಟದ ರುಚಿಯನ್ನು ಬಿಡಿಸಿ ಹೇಳಬೇಕಿಲ್ಲ.

1940ರ ದಶಕದಲ್ಲಿ ಮಹಮ್ಮದ್ ಯುಲಿಸಿಸ್ ಫಿಪ್ಸ್ ಎಂಬ ವಿಚಿತ್ರ ಹೆಸರಿನ ತಂತ್ರಜ್ಞನೊಬ್ಬ ಏಪ್ರಿಲ್ ಸಂಚಿಕೆಗಳಲ್ಲಿ ಬರೆಯಲಾರಂಭಿಸಿದ. ಕಂಡುಕೇಳರಿಯದ ಉಪಕರಣ, ಅದರ ಮಂಡಲಚಿತ್ರ, ಬಿಡಿಭಾಗಗಳ ವಿವರ, ಛಾಯಾಚಿತ್ರ ಯಾವುದಕ್ಕೂ ಕೊರತೆಯಿಲ್ಲ. ಉಳಿದ ಲೇಖನಗಳಂತೆಯೇ ಗಂಭೀರ ಮುಖಭಾವ. ಕೊನೆಗೆ ಬಂದಾಗ ಮಾತ್ರ ಏಪ್ರಿಲ್ ಒಂದರ ನೆನಪು ಮಾಡಿಸಿ ಲೇಖನ ಮುಗಿಯುತ್ತಿತ್ತು. ಫಿಪ್ಸ್ ಎಂಬಾತ ಬೇರಾರೂ ಅಲ್ಲ, ಸಂಪಾದಕ ಮಹಾಶಯನೇ. ಯಂತ್ರ ಬಿಚ್ಚಿ ಜೋಡಿಸಿ ಬದುಕುವ ರಿಪೇರಿಯವನಿಗೆ ಇಂತಹ ಲೇಖನ ಒಂದು ಸವಾಲೂ ಹೌದು. ತಪ್ಪು ಎಲ್ಲಿದೆಯೆಂದು ಮಂಡಲಚಿತ್ರದಲ್ಲೇ ಹಿಡಿಯಬಲ್ಲವನು ಕೊನೆಯ ಸಾಲಿಗೆ ಮುನ್ನವೇ ನಗಬಲ್ಲವನಾಗಿದ್ದ.

ರೇಡಿಯೋ ವಯಸ್ಸಾದಂತೆ ಗರ್ನ್ಸ್‌ಬ್ಯಾಕ್ ಅದರ ನೆನಪುಗಳ ಕಾವಲುಗಾರನೂ ಆದ. ಗರ್ನ್ಸ್‌ಬ್ಯಾಕ್ ಪ್ರಕಟಣೆಗಳಲ್ಲಿ ಇಷ್ಟು ವರ್ಷಗಳ ಹಿಂದೆ ಇದೇ ತಿಂಗಳು ಏನೇನು ಬಂದಿತ್ತೆಂದು ಹೇಳುವ ಪುಟ್ಟ ಅಂಕಣವೊಂದು ಪತ್ರಿಕೆಯಲ್ಲಿ ತಿಂಗಳು ತಿಂಗಳೂ ಬರುತ್ತಿತ್ತು. 1958ರ ಹೊತ್ತಿಗೆ ಅದು ಐವತ್ತು ವರ್ಷಗಳ ಹಿಂದಿನ ಅಂಕಣವಾಯಿತು. ಆತನ ಗೆಳೆಯರಲ್ಲಿ ಇಬ್ಬರು ರೇಡಿಯೋ ಚರಿತ್ರೆಯ ದಿಗ್ಗಜರು. ಅವರಲ್ಲಿ ಲೀ ಡಿ ಫಾರೆಸ್ಟ್ ಕಂಡುಹಿಡಿದ ಆಡಿಯಾನ್ ಕೊಳವೆಗೆ ನಲವತ್ತು ವರ್ಷ ತುಂಬಿದ ನೆನಪಿಗೆ 1947ರ ಜನವರಿಯಲ್ಲಿ 'ರೇಡಿಯೋ ಕ್ರಾಫ್ಟ್' ವಿಶೇಷ ಸಂಚಿಕೆ ತಂದಿತು. ಇನ್ನೊಬ್ಬ ನಿಕೋಲಾ ಟೆಸ್ಲಾ. 1919ರಲ್ಲಿ ಟೆಸ್ಲಾನ ಆತ್ಮಕಥನವನ್ನು ಕಂತುಗಳಲ್ಲಿ ಬರೆಯಿಸಿ 'ಎಲೆಕ್ಟ್ರಿಕಲ್ ಎಕ್ಸ್‌ಪೆರಿಮೆಂಟರ್'ನಲ್ಲಿ ಪ್ರಕಟಿಸಿದವನು ಗರ್ನ್ಸ್‌ಬ್ಯಾಕ್. 1943ರ ಜನವರಿಯಲ್ಲಿ ನ್ಯೂಯಾರ್ಕಿನ ಹೋಟೆಲ್ ಕೊಠಡಿಯಲ್ಲಿ ಟೆಸ್ಲಾ ಒಂಟಿಯಾಗಿ ತೀರಿಕೊಂಡಾಗ ಆತನ ಮುಖದ ಅಚ್ಚನ್ನು ತೆಗೆಸಿ ಉಳಿಸಿದವನೂ ಇವನೇ. ಸದಾ ನಗೆಚಾಟಿಕೆಯಲ್ಲಿ ಮುಳುಗಿರುತ್ತಿದ್ದವನ ಒಳಗೆ ಹಳೆಯ ಕಾಲದ ಬಗ್ಗೆ ಎಂತಹ ಮಮತೆಯಿತ್ತೆಂಬುದು ಇದರಿಂದ ತಿಳಿಯುತ್ತದೆ.

ಕ್ರಿಸ್‌ಮಸ್ ಹಬ್ಬಕ್ಕೆ ಆತ ಕಳುಹಿಸುತ್ತಿದ್ದ ಶುಭಾಶಯದ ಬಗೆಯೇ ಬೇರೆ. ಒಂದು ಹಾಳೆಯ ಕಾರ್ಡಿನ ಬದಲು ಅಂಗೈಯಗಲದ ಪುಸ್ತಿಕೆಯನ್ನೇ ಅಚ್ಚು ಹಾಕಿಸಿ ಗೆಳೆಯರಿಗೂ ವ್ಯವಹಾರಸ್ಥರಿಗೂ ಹಂಚುತ್ತಿದ್ದ. ಮೊದಮೊದಲು ಅವು ಅಮೆರಿಕದ ಹೆಸರಾಂತ ಪತ್ರಿಕೆಗಳ ಹೆಸರುಗಳನ್ನು ತಿರುಚಿ ಮಾಡಿದ ಅಣಕು ಸಂಚಿಕೆಗಳಾಗಿರುತ್ತಿದ್ದವು. 1950ರ ದಶಕದಿಂದ 'ಫೋರ್‌ಕಾಸ್ಟ್' ಎಂಬ ಹೆಸರಿನಲ್ಲಿ ಮುಂದಿನ ಕಾಲದ ಊಹೆಗಳನ್ನು ಹೊತ್ತು ಬಂದವು. ಜೀವನವಿಡೀ ಅಚ್ಚಿನ ಕಾಗದ ಮಾರಿದವನು ಬಿಟ್ಟಿಯಾಗಿ ಕೊಟ್ಟದ್ದು ಇದೊಂದನ್ನೇ ಇರಬೇಕು! ಆತ ಸಾಯುವವರೆಗೂ ಈ ಪದ್ಧತಿ ನಿಲ್ಲಲಿಲ್ಲ. ಆ ಪುಸ್ತಿಕೆಗಳನ್ನು ಇಂದು ಸಂಗ್ರಾಹಕರು ಹುಡುಕುತ್ತಾರೆ.

ವೇಷಭೂಷಣದಲ್ಲಿ ಗರ್ನ್ಸ್‌ಬ್ಯಾಕ್ ಹಳೆಯ ಯುರೋಪಿನ ಶ್ರೀಮಂತನೇ ಸರಿ. ಅಳತೆ ಕೊಟ್ಟು ಹೊಲಿಸಿದ ಸೂಟು, ಹೋಟೆಲಿನ ತಿಂಡಿಪಟ್ಟಿಯನ್ನು ಓದಲು ಒಂಟಿ ಕನ್ನಡಕ. 1953ರಲ್ಲಿ ಆತ ಹೊರಡಿಸಿದ ಕೊನೆಯ ಕಥಾಪತ್ರಿಕೆ ಏಳು ಸಂಚಿಕೆಗಳಲ್ಲಿ ನಿಂತುಹೋಯಿತು. ಆ ವೇಳೆಗೆ ವೈಜ್ಞಾನಿಕ ಕಥೆ ಆತನನ್ನು ಬಿಟ್ಟು ಬಹುದೂರ ಸಾಗಿತ್ತು. 1963ರಲ್ಲಿ 'ಲೈಫ್' ಪತ್ರಿಕೆ ಆತನ ಕುರಿತು ದೀರ್ಘ ಲೇಖನ ಬರೆದಾಗ, ಎಂಬತ್ತರ ಹೊಸ್ತಿಲಿನಲ್ಲಿದ್ದ ಮುದುಕ ಕಣ್ಣಿಗೆ ಎರಡು ಪುಟ್ಟ ದೂರದರ್ಶನಗಳನ್ನು ಕನ್ನಡಕದಂತೆ ಕಟ್ಟಿಕೊಂಡು ನಿಂತ. ಅದರಿಂದ ಎರಡು ಆಂಟೆನಾಗಳು ಮೇಲಕ್ಕೆ ಚಾಚಿಕೊಂಡಿದ್ದವು. ಇದು ಆವಿಷ್ಕಾರವೋ ಅಣಕವೋ ಎಂದು ನೋಡುಗರು ಮತ್ತೊಮ್ಮೆ ಗೊಂದಲಕ್ಕೆ ಬಿದ್ದರು. ಈಗ ತಲೆಗೆ ಪರದೆ ಕಟ್ಟಿಕೊಂಡು ಆಟವಾಡುವ ಯುವಕರಿಗೆ ಆ ಚಿತ್ರ ತೋರಿಸಿದರೆ ಗೊಂದಲವೇನೂ ಆಗಲಿಕ್ಕಿಲ್ಲ.

1967ರ ಆಗಸ್ಟ್ 19ರಂದು, 83 ತುಂಬಿ ಮೂರನೆಯ ದಿನ, ನ್ಯೂಯಾರ್ಕಿನಲ್ಲಿ ಗರ್ನ್ಸ್‌ಬ್ಯಾಕ್ ತೀರಿಕೊಂಡ. ದೇಹವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಬರೆದುಕೊಟ್ಟಿದ್ದ. ಆತನ ಪತ್ರಗಳು, ಕಡತಗಳು ಸಿರಾಕ್ಯೂಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. 'ರೇಡಿಯೋ ಎಲೆಕ್ಟ್ರಾನಿಕ್ಸ್' ಹೆಸರುಗಳನ್ನು ಬದಲಿಸುತ್ತ 2003ರ ಆರಂಭದವರೆಗೆ ಉಸಿರಾಡಿ ನಿಂತಿತು. ಸಾವಿನ ನಂತರ ಚಂದ್ರನ ಮೇಲಿನ ಒಂದು ಕುಳಿಗೆ ಆತನ ಹೆಸರಿಡಲಾಯಿತು. ಮಂಚೌಸೆನ್ ಸರದಾರ ರೇಡಿಯೋದಲ್ಲಿ ಕಥೆ ಹೇಳಿದ ಚಂದ್ರನೇ ಅದು. ಆದರೆ ಕುಳಿ ಇರುವುದು ನಮಗೆ ಕಾಣದ ಮಗ್ಗುಲಿನಲ್ಲಿ, ಅಂಚಿನಿಂದ ತುಸು ಆಚೆಗೆ. ಅಲ್ಲಿಂದ ಹೊರಡುವ ರೇಡಿಯೋ ಅಲೆಗಳು ನೇರವಾಗಿ ಭೂಮಿಯನ್ನು ತಲುಪಲಾರವು.